ಲ್ಯಾಪ್‌ಟಾಪ್ ಕೈಕೊಡುತ್ತಿದೆಯೇ? ಮೊದಲು ಕಡತ ಹೊರಗೆ, ಆಮೇಲೆ ವಿಂಡೋಸ್ ಒಳಗೆ

ಚಿಕ್ಕಪ್ಪ ಫೋನ್ ಮಾಡಿದಾಗ ರಾತ್ರಿ ಒಂಬತ್ತೂವರೆ. “ಲ್ಯಾಪ್‌ಟಾಪ್ ಆನ್ ಮಾಡಿದ್ರೆ ಚುಕ್ಕಿಗಳು ಸುತ್ತುತ್ತಾನೇ ಇರ್ತಾವೆ ಕಣೋ. ಅಂಗಡಿಯವನು ಫಾರ್ಮ್ಯಾಟ್ ಹೊಡೀಬೇಕು ಅಂದ. ಬೆಳಿಗ್ಗೆ ಕೊಟ್ಟುಬಿಡ್ಲಾ?”

“ಒಳಗೆ ಏನೇನಿದೆ ಚಿಕ್ಕಪ್ಪಾ?”

“ಅಂಥಾದ್ದೇನಿಲ್ಲ. ಪಾಪು ಮದುವೆ ಫೋಟೋ, ಸಂಘದ ಲೆಕ್ಕ, ನಾನು ಟೈಪ್ ಮಾಡಿಟ್ಟ ವಂಶಾವಳಿ.”

ಹನ್ನೆರಡು ವರ್ಷ ಊರೂರು ಸುತ್ತಿ, ಹಳೇ ತಲೆಗಳನ್ನೆಲ್ಲ ಮಾತಾಡಿಸಿ ಬರೆದ ವಂಶಾವಳಿ ಅದು. ಅವರು ಮಾತಾಡಿಸಿದವರಲ್ಲಿ ಅರ್ಧ ಜನ ಈಗಿಲ್ಲ. “ಮುಚ್ಚಿಟ್ಟುಬಿಡಿ, ಮತ್ತೆ ಆನ್ ಮಾಡ್ಬೇಡಿ, ಭಾನುವಾರ ಬರ್ತೀನಿ” ಅಂದೆ.

ಇಂಥ ಫೋನ್ ಕರೆ ಈಗ ಬಹಳ ಮನೆಗಳಲ್ಲಿ ಓಡಾಡುತ್ತಿರಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆರೇಳು ವರ್ಷದ ಹಿಂದೆ ಕೊಂಡ ಲ್ಯಾಪ್‌ಟಾಪ್‌ಗಳು ಒಂದು ಕಡೆ ಸುಸ್ತಾಗುತ್ತಿವೆ, ಇನ್ನೊಂದು ಕಡೆ ಅವುಗಳ ವಿಂಡೋಸ್ ಹಳತಾಗಿದೆ. ‘ಬ್ಯಾಕಪ್ ತಗೊಂಡು ಹೊಸದಾಗಿ ಓಎಸ್ ಹಾಕಿಸಿ’ ಎಂದು ಎಲ್ಲರೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಕೇಳುವುದಕ್ಕೆ ಒಂದೇ ಕೆಲಸ. ಮಾಡಹೊರಟರೆ ಎರಡು, ಅದರಲ್ಲೂ ಮೊದಲನೆಯದು ತಪ್ಪಿದರೆ ಎರಡನೆಯದಕ್ಕೆ ಅರ್ಥವಿಲ್ಲ.

## ‘ಫಾರ್ಮ್ಯಾಟ್ ಹೊಡೆಯುವುದು’ ಅಂದರೆ

ಲ್ಯಾಪ್‌ಟಾಪನ್ನು ಒಂದು ಕಲ್ಯಾಣ ಮಂಟಪ ಅಂದುಕೊಳ್ಳಿ. ಕಟ್ಟಡ ಅಂದರೆ ಯಂತ್ರ: ಪರದೆ, ಕೀಲಿಮಣೆ, ಪ್ರೊಸೆಸರ್, ಡಿಸ್ಕ್. ಬೀಗದ ಕೈಗಳನ್ನೆಲ್ಲ ಸೊಂಟಕ್ಕೆ ಸಿಕ್ಕಿಸಿಕೊಂಡು ಯಾರಿಗೆ ಯಾವ ಕೋಣೆ, ಯಾವಾಗ ನೀರು, ಯಾವಾಗ ಕರೆಂಟು ಎಂದು ನೋಡಿಕೊಳ್ಳುವ ಮ್ಯಾನೇಜರ್ ಇದ್ದಾನಲ್ಲ, ಅವನೇ ಆಪರೇಟಿಂಗ್ ಸಿಸ್ಟಂ, ಚಿಕ್ಕದಾಗಿ ಓಎಸ್. ವಿಂಡೋಸ್, ಲಿನಕ್ಸ್, ಮ್ಯಾಕ್‌ಓಎಸ್ ಎಲ್ಲವೂ ಇಂಥ ಮ್ಯಾನೇಜರುಗಳು. ಅಡುಗೆಯವರು, ವಾಲಗದವರು, ಡೆಕೊರೇಷನ್ನಿನವರು ಅಂದರೆ ವರ್ಡ್, ಕ್ರೋಮ್, ಟ್ಯಾಲಿಯಂಥ ಪ್ರೋಗ್ರಾಂಗಳು. ಇನ್ನು ಮದುವೆ ಮನೆಯವರು ಕೋಣೆಯಲ್ಲಿಟ್ಟ ಒಡವೆ, ಸೀರೆ, ಮುಯ್ಯಿ ಕವರುಗಳು ನಿಮ್ಮ ಕಡತಗಳು.

ಓಎಸ್ ಮರುಸ್ಥಾಪನೆ ಅಂದರೆ ಮ್ಯಾನೇಜರನ್ನು ಬದಲಿಸುವುದು. ತೊಂದರೆ ಏನೆಂದರೆ, ಹೊಸ ಮ್ಯಾನೇಜರ್ ಬರುವಾಗ ಸಾಮಾನ್ಯವಾಗಿ ಎಲ್ಲ ಕೋಣೆಗಳನ್ನೂ ಖಾಲಿ ಮಾಡಿಸಿಕೊಂಡೇ ಬರುತ್ತಾನೆ. ಈ ಖಾಲಿ ಮಾಡಿಸುವುದೇ ಫಾರ್ಮ್ಯಾಟ್. ಒಳಗಿರುವುದು ಒಡವೆಯೋ ಹಳೇ ಪೇಪರೋ ಅವನಿಗೆ ಸಂಬಂಧವಿಲ್ಲ.

ಫಾರ್ಮ್ಯಾಟ್ ಆದಮೇಲೂ ಕಡತ ವಾಪಸ್ ತರಬಹುದು ಎನ್ನುವ ಮಾತು ಚಾಲ್ತಿಯಲ್ಲಿದೆ. ಹಳೆಯ ಹಾರ್ಡ್ ಡಿಸ್ಕುಗಳ ಮಟ್ಟಿಗೆ ಅದು ಅರ್ಧ ನಿಜ. ಅವಸರದ ಫಾರ್ಮ್ಯಾಟ್ ಪುಸ್ತಕದ ಪರಿವಿಡಿಯನ್ನಷ್ಟೇ ಹರಿಯುತ್ತದೆ, ಪುಟಗಳು ಉಳಿದಿರುತ್ತವೆ. ಅವುಗಳ ಮೇಲೆ ಹೊಸದಾಗಿ ಬರೆಯುವವರೆಗೆ ಹುಡುಕಿ ತೆಗೆಯಬಹುದು. ಆದರೆ ಈಗಿನ ಎಸ್‌ಎಸ್‌ಡಿಗಳಲ್ಲಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲೇ ಬರೆದಿಡುವ ಡಿಸ್ಕುಗಳಲ್ಲಿ, ಟ್ರಿಮ್ ಎಂಬ ಏರ್ಪಾಡಿದೆ. ಯಾವ ಜಾಗ ಇನ್ನು ಬೇಕಿಲ್ಲ ಎಂದು ಓಎಸ್ ಹೇಳಿದ ಕೂಡಲೇ ಎಸ್‌ಎಸ್‌ಡಿ ತನ್ನ ಪಾಡಿಗೆ ಆ ಜಾಗವನ್ನು ಒರೆಸಿಕೊಳ್ಳುತ್ತದೆ. ಅಲ್ಲಿ ಹೋದದ್ದು ಹೆಚ್ಚುಕಡಿಮೆ ಹೋದಹಾಗೆಯೇ.

## ಕೆಟ್ಟಿರುವುದು ಮ್ಯಾನೇಜರೋ, ಕಟ್ಟಡವೋ

ಅಂಗಡಿಗೆ ಓಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಓಎಸ್ ಕೆಟ್ಟಿದ್ದರೆ ಮರುಸ್ಥಾಪನೆ ಮದ್ದು. ಡಿಸ್ಕೇ ಕೆಟ್ಟಿದ್ದರೆ ಅದರ ಮೇಲೆ ಎಷ್ಟು ಸಲ ವಿಂಡೋಸ್ ಹಾಕಿದರೂ ಗೆದ್ದಲು ಹಿಡಿದ ಬಾಗಿಲಿಗೆ ಬಣ್ಣ ಬಳಿದಂತೆ, ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಕತೆ.

ಲಕ್ಷಣಗಳು ಒಂದರಂತೆ ಇನ್ನೊಂದು ಕಾಣುವುದರಿಂದಲೇ ಗೊಂದಲ. ಒಂದು ಅಪ್‌ಡೇಟ್ ಆದ ಮರುದಿನದಿಂದ ತೊಂದರೆ ಶುರುವಾಗಿದ್ದರೆ, ಬೇಡದ ಜಾಹೀರಾತು ಕಿಟಕಿಗಳು ಏಳುತ್ತಿದ್ದರೆ, ಒಂದೇ ಪ್ರೋಗ್ರಾಂ ಪದೇಪದೇ ಬೀಳುತ್ತಿದ್ದರೆ ಅನುಮಾನ ಓಎಸ್ ಕಡೆಗೆ. ಒಂದು ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿದರೆ, ನಿನ್ನೆ ತೆರೆದ ಫೋಟೋ ಇವತ್ತು ಅರ್ಧ ಬೂದಿಬಣ್ಣವಾಗಿ ಬಂದರೆ, ಕಾಪಿ ಮಾಡುವಾಗ ಪ್ರತಿಸಲ ಅದೇ ಜಾಗದಲ್ಲಿ ನಿಂತುಹೋದರೆ ಅನುಮಾನ ಡಿಸ್ಕ್ ಕಡೆಗೆ.

ಊಹೆಯೇ ಬೇಕಿಲ್ಲ. ಡಿಸ್ಕುಗಳು ತಮ್ಮ ಆರೋಗ್ಯದ ದಾಖಲೆಯನ್ನು ತಾವೇ ಇಟ್ಟುಕೊಂಡಿರುತ್ತವೆ; ಇದಕ್ಕೆ ಸ್ಮಾರ್ಟ್ ದಾಖಲೆ ಎನ್ನುತ್ತಾರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಅದನ್ನು ಓದಿ ತೋರಿಸುತ್ತದೆ: ಚೆನ್ನಾಗಿದ್ದರೆ ನೀಲಿ, ಎಚ್ಚರಿಕೆಗೆ ಹಳದಿ, ಕೆಟ್ಟಿದ್ದರೆ ಕೆಂಪು. ಚಿಕ್ಕಪ್ಪನ ಡಿಸ್ಕನ್ನು ಆಮೇಲೆ ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದಾಗ ಹಳದಿ ತೋರಿಸಿತು. ಹಾರ್ಡ್ ಡಿಸ್ಕಾದರೆ ನೋಡಬೇಕಾದ ಸಾಲುಗಳು ಎರಡು. ‘ರಿಅಲೊಕೇಟೆಡ್ ಸೆಕ್ಟರ್’ ಅಂದರೆ ಹಾಳಾಯಿತೆಂದು ಡಿಸ್ಕು ಈಗಾಗಲೇ ಕೈಬಿಟ್ಟು, ಬದಲಿ ಜಾಗ ಕೊಟ್ಟ ತುಣುಕುಗಳು. ‘ಪೆಂಡಿಂಗ್ ಸೆಕ್ಟರ್’ ಅಂದರೆ ಓದಲು ಹೋಗಿ ಸೋತು, ಏನು ಮಾಡುವುದೆಂದು ಇನ್ನೂ ತೀರ್ಮಾನಿಸದ ತುಣುಕುಗಳು. ಎರಡನೆಯದರ ಎದುರು ಸೊನ್ನೆಯ ಬದಲು ಬೇರೆ ಸಂಖ್ಯೆ ಕಂಡರೆ, ಅಲ್ಲಿದ್ದ ನಿಮ್ಮ ಕಡತದ ಚೂರು ಈ ಕ್ಷಣಕ್ಕೆ ಓದಲು ಬರುತ್ತಿಲ್ಲ ಎಂದರ್ಥ.

ಹಾರ್ಡ್ ಡಿಸ್ಕಿನೊಳಗೆ ನಿಜವಾಗಿಯೂ ತಿರುಗುವ ತಟ್ಟೆಗಳಿವೆ, ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ನಿಮಿಷಕ್ಕೆ 5400 ಸುತ್ತು. ಅವುಗಳ ಮೇಲೆ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ಓದುವ ಮೊನೆ ತೇಲುತ್ತಿರುತ್ತದೆ. ‘ಟಕ್... ಟಕ್...’ ಎಂದು ತಾಳ ಹಾಕಿದಂತೆ ಸದ್ದು ಬರುತ್ತಿದ್ದರೆ ಮನೆಮದ್ದು ನಿಲ್ಲಿಸಿ, ಆ ಕ್ಷಣವೇ ಆಫ್ ಮಾಡಿ. ಮೊನೆ ತಟ್ಟೆಗೆ ತಾಗುತ್ತಿದ್ದರೆ ಪ್ರತಿ ಸುತ್ತಿಗೂ ಒಂದಿಷ್ಟು ಫೋಟೋ ಉಜ್ಜಿಹೋಗುತ್ತಿರುತ್ತದೆ. ಅದನ್ನು ದೂಳಿಲ್ಲದ ಕೋಣೆಯಲ್ಲಿ ಬಿಚ್ಚುವ ಡೇಟಾ ರಿಕವರಿಯವರೇ ನೋಡಬೇಕು, ಖರ್ಚೂ ಹಾಗೆಯೇ ಬರುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಸಲಹೆ ಈಗಲೂ ವಾಟ್ಸ್ಆ್ಯಪಿನಲ್ಲಿ ಬರುತ್ತದೆ. ಒಳಗೆ ತೇವ ಕಟ್ಟಿಕೊಳ್ಳುವುದು ಬಿಟ್ಟರೆ ಬೇರೆ ಲಾಭ ನಾನು ಕಂಡಿಲ್ಲ. ಎಸ್‌ಎಸ್‌ಡಿಗೆ ತಿರುಗುವ ಭಾಗವಿಲ್ಲ, ಸದ್ದೂ ಇಲ್ಲ. ಎಷ್ಟೋ ಸಲ ಮುನ್ಸೂಚನೆಯೂ ಇಲ್ಲದೆ ಒಂದು ಬೆಳಿಗ್ಗೆ ಮಾಯವಾಗುತ್ತದೆ.

ಡಿಸ್ಕ್ ಮೇಲೆ ಅನುಮಾನವಿರುವಾಗ ಮಾಡಬಾರದ ಕೆಲಸ ಒಂದಿದೆ: ದೋಷ ಹುಡುಕಿ ಸರಿಪಡಿಸುವ ವಿಂಡೋಸಿನ ‘ಚೆಕ್‌ಡಿಸ್ಕ್’ ಓಡಿಸುವುದು. ಪೂರ್ತಿ ತಪಾಸಣೆಗೆ ಬಿಟ್ಟರೆ ಅದು ಡಿಸ್ಕಿನ ಮೂಲೆಮೂಲೆಯನ್ನೂ ಗಂಟೆಗಟ್ಟಲೆ ಓದಿಸುತ್ತದೆ, ಹೊಂದದ ದಾಖಲೆಗಳನ್ನು ಕತ್ತರಿಸಿ ಸರಿಮಾಡುತ್ತದೆ. ಎದೆನೋವು ಅಂದವರನ್ನು ಪರೀಕ್ಷೆಗೆಂದು ಬೆಟ್ಟ ಹತ್ತಿಸಿದ ಹಾಗೆ. ಬ್ಯಾಕಪ್ ಆದಮೇಲೆ ಬೇಕಿದ್ದರೆ ಓಡಿಸಿ.

## ಬ್ಯಾಕಪ್: ಎರಡನೇ ಜಾಗದಲ್ಲಿ ಎರಡನೇ ಪ್ರತಿ

ಬ್ಯಾಕಪ್ ಅಂದರೆ ಕಡತದ ಇನ್ನೊಂದು ಪ್ರತಿ, ಇನ್ನೊಂದು ಸಾಧನದಲ್ಲಿ. ಸಿ ಡ್ರೈವಿನಿಂದ ಡಿ ಡ್ರೈವಿಗೆ ಕಾಪಿ ಮಾಡಿದ್ದೇನೆ ಅನ್ನುವವರಿದ್ದಾರೆ. ಸಾಮಾನ್ಯವಾಗಿ ಅವೆರಡೂ ಒಂದೇ ಡಿಸ್ಕಿನ ಎರಡು ವಿಭಾಗಗಳು, ನಡುವೆ ಇರುವುದು ಕಾಗದದ ಗೋಡೆ. ಡಿಸ್ಕ್ ಸತ್ತರೆ ಎರಡೂ ಒಟ್ಟಿಗೇ.

ಕಡತವನ್ನು ಇಂಟರ್ನೆಟ್ಟಿನಲ್ಲಿ ಇಡುವ ಒನ್‌ಡ್ರೈವ್, ಗೂಗಲ್ ಡ್ರೈವ್‌ಗಳಲ್ಲಿ ನಡೆಯುವುದು ಸಿಂಕ್. ಅದು ಕನ್ನಡಿಯಂತೆ, ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಕೆಲವು ದಿನ ಕಸದಬುಟ್ಟಿಯಲ್ಲಿ ಉಳಿದಿರುತ್ತದೆ ನಿಜ, ಆದರೆ ಅದನ್ನೇ ನೆಚ್ಚಿ ಕೂರುವಂತಿಲ್ಲ. ಒನ್‌ಡ್ರೈವ್ ಪುಕ್ಕಟೆ ಕೊಡುವುದು 5 ಜಿಬಿ. ಒಂದು ಮದುವೆಯ ಫೋಟೋಗೇ ಸಾಲದು.

ಹೊರಗಿನ ಹಾರ್ಡ್ ಡಿಸ್ಕ್ ಇದ್ದರೆ ಸಾಕು, ಪೆನ್‌ಡ್ರೈವ್ ಆದರೂ ನಡೆಯುತ್ತದೆ. ಪೆನ್‌ಡ್ರೈವ್ ಫ್ಯಾಟ್32 ರೂಪದಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಕಡತವನ್ನು ಅದು ತೆಗೆದುಕೊಳ್ಳುವುದಿಲ್ಲ. ಜಾಗ ಎಷ್ಟೇ ಖಾಲಿ ಇದ್ದರೂ ‘ಕಡತ ಬಹಳ ದೊಡ್ಡದು’ ಎಂದು ಮದುವೆಯ ವಿಡಿಯೋವನ್ನು ವಾಪಸ್ ಕಳಿಸುತ್ತದೆ. ಎಕ್ಸ್‌ಫ್ಯಾಟ್ ರೂಪಕ್ಕೆ ಬದಲಿಸಿಕೊಂಡರೆ ಆ ಮಿತಿ ಇಲ್ಲ.

ಸಾಯುತ್ತಿರುವ ಡಿಸ್ಕಿನಿಂದ ತೆಗೆಯುವಾಗ ಸರದಿ ಮುಖ್ಯ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ್ದು ಮೊದಲು: ನೀವೇ ಬರೆದದ್ದು, ನೀವೇ ತೆಗೆದದ್ದು, ಲೆಕ್ಕಪತ್ರ. ಇಳಿಸಿಕೊಂಡ ಸಿನಿಮಾ ಕೊನೆಗೆ, ಬಿಟ್ಟರೂ ನಡೆದೀತು. ಒಂದು ಫೋಲ್ಡರಿನಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹಟ ಹಿಡಿಯದೆ ಬಿಟ್ಟು ಮುಂದಿನದಕ್ಕೆ ಹೋಗಿ. ಕೊನೆಯಲ್ಲಿ ವಾಪಸ್ ಬಂದು ನೋಡಿದರಾಯಿತು. ಹಳೆಯ ಯುಎಸ್‌ಬಿ 2 ಕಿಂಡಿಯಲ್ಲಿ ಸೆಕೆಂಡಿಗೆ 30 ಎಂಬಿ ಹಿಡಿದರೂ 100 ಜಿಬಿಗೆ ಒಂದು ಗಂಟೆ ಬೇಕು. ಕೆಟ್ಟ ಡಿಸ್ಕಾದರೆ ಇಡೀ ರಾತ್ರಿ ಹಿಡಿಯಬಹುದು.

## ವಿಂಡೋಸ್ ತೆರೆಯುವುದೇ ಇಲ್ಲ ಅಂದರೆ

ಮ್ಯಾನೇಜರ್ ಕುಸಿದು ಬಿದ್ದಿದ್ದಾನೆ, ಬೀಗ ತೆಗೆಯುವವರಿಲ್ಲ. ಆದರೆ ಕೋಣೆಯಲ್ಲಿನ ಸಾಮಾನು ಹಾಗೇ ಇದೆ. ಹೊರಗಿನಿಂದ ಒಬ್ಬ ತಾತ್ಕಾಲಿಕ ಮ್ಯಾನೇಜರನ್ನು ಕರೆತಂದರೆ ಸಾಕು. ಅವನು ಪೆನ್‌ಡ್ರೈವಿನಲ್ಲಿ ಬರುತ್ತಾನೆ.

ಬೇರೆ ಯಾವುದಾದರೂ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ ಅಥವಾ ಉಬುಂಟು ಎಂಬ ಉಚಿತ ಲಿನಕ್ಸ್ ಓಎಸ್ ಇಳಿಸಿಕೊಂಡು, ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಹಾಕಬೇಕು. ಅದನ್ನು ಕೆಟ್ಟ ಲ್ಯಾಪ್‌ಟಾಪಿಗೆ ಚುಚ್ಚಿ, ಆನ್ ಮಾಡಿದ ಕೂಡಲೇ, ಎಲ್ಲಿಂದ ಶುರುವಾಗಲಿ ಎಂದು ಕೇಳುವ ಬೂಟ್ ಮೆನುವಿನ ಕೀಲಿಯನ್ನು ಟಪಟಪ ಒತ್ತಬೇಕು. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಪೆನ್‌ಡ್ರೈವ್ ಆರಿಸಿದರೆ ಲಿನಕ್ಸ್ ಅಲ್ಲಿಂದಲೇ ಓಡುತ್ತದೆ, ಒಳಗಿನ ಡಿಸ್ಕನ್ನು ಮುಟ್ಟುವುದಿಲ್ಲ. ‘ಇನ್‌ಸ್ಟಾಲ್’ ಎಂಬ ಚಿತ್ರವನ್ನು ಮಾತ್ರ ಅಪ್ಪಿತಪ್ಪಿಯೂ ಒತ್ತಬೇಡಿ. ಫೈಲ್ಸ್ ತೆರೆದರೆ ವಿಂಡೋಸಿನ ಡ್ರೈವ್ ಎಡಗಡೆ ಕಾಣುತ್ತದೆ. ಅದರಲ್ಲಿ ‘ಯೂಸರ್ಸ್’, ಅದರೊಳಗೆ ನಿಮ್ಮ ಹೆಸರು, ಅದರೊಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್. ವಿಂಡೋಸ್ ಸರಿಯಾಗಿ ಮುಚ್ಚಿಕೊಳ್ಳದೆ ನಿಂತಿದ್ದರೆ ಡ್ರೈವ್ ‘ಓದಲು ಮಾತ್ರ’ ಎಂದು ತೆರೆಯಬಹುದು. ಒಳ್ಳೆಯದೇ ಆಯಿತು, ನಮಗೆ ಬೇಕಿರುವುದೂ ಓದುವುದೇ. ಚಿಕ್ಕಪ್ಪನ ವಂಶಾವಳಿ ಹೊರಬಂದದ್ದು ಈ ದಾರಿಯಲ್ಲಿ.

ಲಿನಕ್ಸ್ ಬೇಡವೆಂದರೆ ನೋಟ್‌ಪ್ಯಾಡಿನ ಚಮತ್ಕಾರ ಒಂದಿದೆ. ವಿಂಡೋಸ್ ಹಾಕುವ ಪೆನ್‌ಡ್ರೈವಿನಿಂದ (ಅದಕ್ಕೆ ಏನು ಬೇಕೆಂದು ಮುಂದೆ ಹೇಳಿದ್ದೇನೆ) ಶುರುಮಾಡಿ, ಮೊದಲ ಪರದೆಯಲ್ಲೇ ಶಿಫ್ಟ್ ಹಿಡಿದು ಎಫ್10 ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಅಲ್ಲಿ ನೋಟ್‌ಪ್ಯಾಡ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಫೈಲ್ ಮೆನುವಿನ ‘ಓಪನ್’ ಒತ್ತಿ, ಕೆಳಗೆ ‘ಎಲ್ಲ ಕಡತಗಳು’ ಎಂದು ಆರಿಸಿದರೆ, ಆ ಪುಟ್ಟ ಕಿಟಕಿಯೇ ಇಡೀ ಕಂಪ್ಯೂಟರಿನ ಕಿಂಡಿಯಾಗುತ್ತದೆ. ಫೋಲ್ಡರ್ ಮೇಲೆ ಬಲಗುಂಡಿ ಒತ್ತಿ ಕಾಪಿ, ಹೊರಗಿನ ಡಿಸ್ಕಿನಲ್ಲಿ ಪೇಸ್ಟ್. ಎಷ್ಟಾಯಿತೆಂದು ತೋರಿಸುವ ಹಸಿರು ಪಟ್ಟಿ ಬರುವುದಿಲ್ಲ, ಕಿಟಕಿ ಹೆಪ್ಪುಗಟ್ಟಿದಂತೆ ಕಾಣುತ್ತದೆ. ಗಾಬರಿಯಾಗದೆ ಕಾಯಬೇಕು. ಡ್ರೈವಿನ ಅಕ್ಷರಗಳೂ ಅದಲುಬದಲಾಗಿರಬಹುದು. ಅಕ್ಷರ ನೋಡದೆ ಒಳಗಿರುವುದನ್ನು ನೋಡಿ ಗುರುತಿಸಿ.

ಎರಡೂ ದಾರಿಯಲ್ಲಿ ಅಡ್ಡ ಬರುವುದು ಬಿಟ್‌ಲಾಕರ್. ಲ್ಯಾಪ್‌ಟಾಪ್ ಕಳವಾದರೂ ಡಿಸ್ಕ್ ಓದಲಾಗದಂತೆ ವಿಂಡೋಸ್ ಹಾಕುವ ಬೀಗ ಅದು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈಚೆಗೆ, ಹೊಸದಾಗಿ ವಿಂಡೋಸ್ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ ಈ ಬೀಗ ಸಾಮಾನ್ಯವಾಗಿ ತಾನಾಗಿಯೇ ಬೀಳುತ್ತದೆ. ಬಿದ್ದಿದೆಯೆಂದು ಬಹಳ ಜನರಿಗೆ ತಿಳಿದಿರುವುದಿಲ್ಲ. ಅದರ ಕೀಲಿ 48 ಅಂಕಿ, ಆರಾರು ಅಂಕಿಗಳ ಎಂಟು ಗುಂಪು. ಮೈಕ್ರೋಸಾಫ್ಟ್ ಖಾತೆಯ ಜಾಲತಾಣಕ್ಕೆ ಫೋನಿನಿಂದ ಹೋಗಿ, ನಿಮ್ಮ ಸಾಧನಗಳ ವಿಭಾಗದಲ್ಲಿ ಹುಡುಕಿದರೆ ಸಿಗುತ್ತದೆ. ಕೀಲಿ ಇಲ್ಲದಿದ್ದರೆ ಯಾವ ಅಂಗಡಿಯವನೂ ಏನೂ ಮಾಡಲಾರ. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಅದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ವಾಸಿ.

## ಕಣ್ಣಿಗೆ ಬೀಳದ ಸಾಮಾನು

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಕಾಪಿ ಆಯಿತು ಎಂದು ನಿಟ್ಟುಸಿರು ಬಿಡುವ ಹೊತ್ತಿಗೆ ಮರೆತದ್ದು ಮೂಲೆಯಲ್ಲಿ ಕೂತಿರುತ್ತದೆ. ಟ್ಯಾಲಿಯ ಲೆಕ್ಕ ಹೆಚ್ಚಾಗಿ ನಿಮ್ಮ ಹೆಸರಿನ ಫೋಲ್ಡರಿನಲ್ಲಿರುವುದಿಲ್ಲ, ‘ಪಬ್ಲಿಕ್’ ಎಂಬುದರಲ್ಲಿ ಅಥವಾ ನೇರ ಸಿ ಡ್ರೈವಿನಲ್ಲಿ ಇರುತ್ತದೆ. ಔಟ್‌ಲುಕ್ ಬಳಸುವವರ ಹಳೆಯ ಮೇಲ್ ಪಿಎಸ್‌ಟಿ ಎಂಬ ಕಡತದಲ್ಲಿ ಕೂತಿರುತ್ತದೆ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳು ‘ಆಪ್‌ಡೇಟಾ’ ಎಂಬ ಅಡಗಿಸಿಟ್ಟ ಫೋಲ್ಡರಿನಲ್ಲಿರುತ್ತವೆ, ಅದನ್ನು ಕಾಪಿ ಮಾಡಿದರೂ ಇನ್ನೊಂದು ಯಂತ್ರದಲ್ಲಿ ತೆರೆದುಕೊಳ್ಳುವುದಿಲ್ಲ. ಖಾತೆಗೆ ಸಿಂಕ್ ಮಾಡಿಕೊಳ್ಳಬೇಕು ಇಲ್ಲವೇ ಮೊದಲೇ ರಫ್ತು ಮಾಡಿಟ್ಟುಕೊಳ್ಳಬೇಕು. ಪ್ರೋಗ್ರಾಂಗಳನ್ನು ಕಾಪಿ ಮಾಡಿ ಪ್ರಯೋಜನವಿಲ್ಲ, ಅವನ್ನು ಹೊಸದಾಗಿಯೇ ಹಾಕಬೇಕು.

ಕಾಪಿ ಆದಮೇಲೆ ನಾಲ್ಕು ಫೋಟೋ, ಎರಡು ದಾಖಲೆಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಹೆಸರು ಬಂದಿದೆ ಅಂದಮಾತ್ರಕ್ಕೆ ಒಳಗಿರುವುದೂ ಬಂದಿದೆ ಎಂದಲ್ಲ.

## ಈಗ ಹೊಸ ಮ್ಯಾನೇಜರ್

ಡಿಸ್ಕ್ ಚೆನ್ನಾಗಿದ್ದು ವಿಂಡೋಸ್ ಹೇಗೋ ತೆರೆಯುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿರುವ ‘ರಿಸೆಟ್ ದಿಸ್ ಪಿಸಿ’ ಸಾಕಾಗಬಹುದು. ಕಡತ ಉಳಿಸಿಕೊಂಡು ಪ್ರೋಗ್ರಾಂಗಳನ್ನಷ್ಟೇ ತೆಗೆಯುವ ಆಯ್ಕೆಯೂ ಅದರಲ್ಲಿದೆ, ಬ್ಯಾಕಪ್ ಇಲ್ಲದೆ ಅದನ್ನೂ ನಂಬಬೇಡಿ. ಡಿಸ್ಕ್ ಹಳದಿ, ಕೆಂಪು ತೋರಿಸಿದ್ದರೆ ಮೊದಲು ಹೊಸ ಎಸ್‌ಎಸ್‌ಡಿ. ಹಳೆಯ ಲ್ಯಾಪ್‌ಟಾಪುಗಳಿಗೆ ಎರಡೂವರೆ ಇಂಚಿನದು, ಈಚಿನವಕ್ಕೆ ಚೂಯಿಂಗ್ ಗಮ್ ಪಟ್ಟಿಯಂಥ ಎಂ.2. ಎಂ.2ರಲ್ಲೇ ಸಾಟಾ, ಎನ್‌ವಿಎಂಇ ಎಂದು ಎರಡು ಜಾತಿ ಇರುವುದರಿಂದ ಮಾದರಿ ಸಂಖ್ಯೆ ಬರೆದುಕೊಂಡು ಹೋಗಿ. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಬದಲಿಸಲು ಬರುವುದಿಲ್ಲ.

ವಿಂಡೋಸ್ ಹಾಕಲು ಮೈಕ್ರೋಸಾಫ್ಟ್ ತಾಣದ ಮೀಡಿಯಾ ಕ್ರಿಯೇಷನ್ ಟೂಲ್ ಮತ್ತು ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು, ಪೆನ್‌ಡ್ರೈವಿನಲ್ಲಿದ್ದದ್ದೆಲ್ಲ ಅಳಿಯುತ್ತದೆ. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು, ಇಂಟೆಲ್ ಆದರೆ, ಹೆಚ್ಚುಕಡಿಮೆ 8ನೇ ತಲೆಮಾರು ಅಥವಾ ಅದಕ್ಕಿಂತ ಈಚಿನ ಪ್ರೊಸೆಸರ್ ಬೇಕು. ಚಿಕ್ಕಪ್ಪನದು 2019ರ ಯಂತ್ರ, ಕಷ್ಟದಲ್ಲಿ ಪಾಸಾಯಿತು. ಪಾಸಾಗದಿದ್ದರೆ ಲಿನಕ್ಸ್ ಮಿಂಟ್ ಇದೆ. ಇಲ್ಲವೇ ವಿಂಡೋಸ್ 10ನ್ನೇ ಹಾಕಿ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿಕೊಳ್ಳಬಹುದು. ಮನೆಬಳಕೆಯವರಿಗೆ ಮೈಕ್ರೋಸಾಫ್ಟ್ ಘೋಷಿಸಿದ ಗಡುವು 2026ರ ಅಕ್ಟೋಬರ್ 13.

ಶುರುಮಾಡುವ ಮುಂಚೆ ಬ್ಯಾಕಪ್ ಡಿಸ್ಕನ್ನು ಕಿತ್ತು ಬೇರೆ ಕೋಣೆಯಲ್ಲಿಡಿ. ‘ವಿಂಡೋಸ್ ಎಲ್ಲಿ ಹಾಕಲಿ’ ಎಂದು ಕೇಳುವ ಪರದೆಯಲ್ಲಿ ಡ್ರೈವ್ 0, ಡ್ರೈವ್ 1 ಎಂಬಂಥ ಸಂಖ್ಯೆ, ಗಾತ್ರ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ, ಯಾವುದು ಯಾರೆಂದು ಅದು ಪರಿಚಯ ಮಾಡಿಕೊಡುವುದಿಲ್ಲ. ಬ್ಯಾಕಪ್ಪನ್ನೇ ಒರೆಸಿಕೊಂಡವರು ಎಡವುವುದು ಇಲ್ಲಿಯೇ.

ಆ ಪರದೆಯಲ್ಲಿ ಡ್ರೈವೇ ಕಾಣದಿದ್ದರೆ ಡಿಸ್ಕ್ ಸತ್ತಿದೆ ಎಂದೇ ಅಲ್ಲ. ಇಂಟೆಲ್ 11ನೇ ತಲೆಮಾರಿನಿಂದ ಈಚಿನ ಅನೇಕ ಯಂತ್ರಗಳಲ್ಲಿ ಡಿಸ್ಕಿಗೂ ವಿಂಡೋಸಿಗೂ ನಡುವೆ ವಿಎಂಡಿ ಎಂಬ ಮಧ್ಯವರ್ತಿ ಇರುತ್ತಾನೆ, ಅವನ ಭಾಷೆ ವಿಂಡೋಸ್ ಹಾಕುವ ತಂತ್ರಾಂಶಕ್ಕೆ ಗೊತ್ತಿರುವುದಿಲ್ಲ. ಆ ಭಾಷೆ ಕಲಿಸುವ ಪುಟ್ಟ ತಂತ್ರಾಂಶವೇ ಡ್ರೈವರ್. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಚ್ಚಿ ಪೆನ್‌ಡ್ರೈವಿಗೆ ಹಾಕಿ, ‘ಲೋಡ್ ಡ್ರೈವರ್’ ಒತ್ತಿದರೆ ಡಿಸ್ಕ್ ಪ್ರತ್ಯಕ್ಷವಾಗುತ್ತದೆ.

ಪ್ರಾಡಕ್ಟ್ ಕೀ ಕೇಳಿದರೆ ‘ನನ್ನ ಬಳಿ ಇಲ್ಲ’ ಎಂದು ಮುಂದೆ ಹೋಗಿ. ವಿಂಡೋಸ್ ಸಮೇತ ಬಂದ ಲ್ಯಾಪ್‌ಟಾಪುಗಳಲ್ಲಿ ಪರವಾನಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಡಿಸ್ಕ್ ಬದಲಿಸಿದರೂ ಹೋಗುವುದಿಲ್ಲ. ಆವೃತ್ತಿ ಮಾತ್ರ ಮೊದಲಿನದೇ ಇರಬೇಕು. ನಮ್ಮಲ್ಲಿ ಮಾರುವ ಎಷ್ಟೋ ಲ್ಯಾಪ್‌ಟಾಪುಗಳದು ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’. ಅದರ ಬದಲು ಪ್ರೊ ಹಾಕಿ, ಅದನ್ನು ಚಾಲೂ ಮಾಡಲು ಇನ್ನೊಂದು ‘ಆ್ಯಕ್ಟಿವೇಟರ್’ ಹಾಕಿಕೊಡುವವರಿದ್ದಾರೆ. ಕಾಸು ಕೊಟ್ಟು ಕೊಂಡ ಪರವಾನಗಿಯನ್ನು ಬದಿಗಿಟ್ಟು ಕಳ್ಳಕೀಲಿಯನ್ನು, ಕೆಲವೊಮ್ಮೆ ಜೊತೆಗೊಂದು ವೈರಸನ್ನು, ಮನೆಗೆ ತಂದ ಹಾಗೆ.

ಕೊನೆಯಲ್ಲಿ ವೈಫೈ ಕಾಣದೆ ಸಿಕ್ಕಿಕೊಳ್ಳುವುದುಂಟು, ಏಕೆಂದರೆ ಅದರ ಡ್ರೈವರ್ ಇನ್ನೂ ಬಂದಿಲ್ಲ, ಇಂಟರ್ನೆಟ್ ಇಲ್ಲದೆ ಅದು ಬರುವುದೂ ಇಲ್ಲ. ಆಂಡ್ರಾಯ್ಡ್ ಫೋನನ್ನು ಚಾರ್ಜರ್ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಫೋನಿನ ಇಂಟರ್ನೆಟ್ಟನ್ನು ಅದಕ್ಕೆ ಹಂಚುವ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಉಳಿದದ್ದನ್ನು ವಿಂಡೋಸ್ ಅಪ್‌ಡೇಟ್ ತಾನೇ ತಂದುಕೊಳ್ಳುತ್ತದೆ.

## ವಂಶಾವಳಿ ತೆರೆದಾಗ

ಭಾನುವಾರ ಸಂಜೆ ಎಲ್ಲ ಮುಗಿಸಿ, ಕಡತಗಳನ್ನು ವಾಪಸ್ ಹಾಕಿ, ವಂಶಾವಳಿ ತೆರೆದೆವು. ಪರದೆಯ ತುಂಬ ರೋಮನ್ ಅಕ್ಷರ, ತಲೆಯ ಮೇಲೆ ಚುಕ್ಕಿ, ಕೊಂಬು, ನಡುನಡುವೆ ಪೌಂಡಿನ ಗುರುತು. ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. “ಹಾಳಾಗ್ಹೋಯ್ತಲ್ಲೋ!”

ಏನೂ ಹಾಳಾಗಿರಲಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪ್ ಮಾಡಿದ್ದರು. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಈಗಿನ ಪದ್ಧತಿಯಾದ ಯೂನಿಕೋಡ್‌ನಲ್ಲಿ ಕನ್ನಡದ ‘ಕ’ಕ್ಕೆ ಅದರದೇ ಸಂಕೇತವಿದೆ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಕಡತಗಳಲ್ಲಿ ಇರುವುದು ರೋಮನ್ ಅಕ್ಷರಗಳ ಸಂಕೇತ, ಅದಕ್ಕೆ ಕನ್ನಡದ ವೇಷ ತೊಡಿಸುವುದು ಫಾಂಟ್. ಹೊಸ ವಿಂಡೋಸಿನಲ್ಲಿ ಆ ಫಾಂಟ್ ಇಲ್ಲ, ವೇಷ ಕಳಚಿತ್ತು. ಹಳೆಯ ಡಿಸ್ಕಿನ ‘ಫಾಂಟ್ಸ್’ ಫೋಲ್ಡರಿನಿಂದ ನುಡಿ ಫಾಂಟುಗಳನ್ನೂ ಎತ್ತಿಕೊಳ್ಳಬೇಕಿತ್ತು, ನಾನು ಮರೆತಿದ್ದೆ. ಡಿಟಿಪಿ ಮಾಡುವವರು, ಸರ್ಕಾರಿ ಕಚೇರಿಯ ಹಳೆಯ ಪತ್ರಗಳಿರುವವರು ಇದನ್ನು ನನಗಿಂತ ಚೆನ್ನಾಗಿ ನೆನಪಿಟ್ಟುಕೊಳ್ಳಲಿ.

ನುಡಿ ಇಳಿಸಿ ಹಾಕಿ, ಕಡತ ಮುಚ್ಚಿ ತೆರೆದೆ. ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಮೊದಲ ಪುಟ ಓದಿದರು. “ಮುತ್ತಜ್ಜನ ಹೆಸರಲ್ಲಿ ಒತ್ತು ಬಿಟ್ಟಿದೀನಿ ನೋಡು” ಅಂದು ತಿದ್ದುತ್ತಾ ಕೂತರು. ಹಳದಿ ತೋರಿಸಿದ ಹಳೆಯ ಡಿಸ್ಕನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ ತಾರೀಖು ಬರೆದು ಅವರ ಬೀರುವಿನಲ್ಲಿ ಇಟ್ಟು ಬಂದೆ. ಏನು ಮರೆತಿದ್ದೇವೆಂದು ಗೊತ್ತಾಗುವುದಕ್ಕೆ ಇನ್ನೊಂದಾರು ತಿಂಗಳಾದರೂ ಬೇಕು.